ಚಿಗವ್ವನ ಅಂಗಳದಲ್ಲಿ ನಾನು ಡ್ರೋನ್ ಆಗಿದ್ದಾಗ

ಮದುವೆ ಮನೆಗಳಲ್ಲಿ, ಕಾಲೇಜಿನ ಗ್ಯಾದರಿಂಗುಗಳಲ್ಲಿ ನಾನು ಬಹಳ ಜನರ ದನಿ ತೆಗೆದಿದ್ದೇನೆ. ಹುಬ್ಬಳ್ಳಿ-ಧಾರವಾಡ ಬಸ್ಸಿನ ಕಂಡಕ್ಟರು, ಸಂತೆಯಲ್ಲಿ ಬಳ್ಳೊಳ್ಳಿ ಮಾರುವ ಅಜ್ಜಿ, ಫೋನು ಕಿವಿಗೆ ಹಿಡಿದೊಡನೆ ಬೆಂಗಳೂರು ಕನ್ನಡಕ್ಕೆ ಜಿಗಿಯುವ ನಮ್ಮ ಮ್ಯಾನೇಜರು, ಇವರೆಲ್ಲ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ವಾರವೆಲ್ಲ ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳ ಡಬ್ಬಿಗೆ ಚೀಟಿ ಅಂಟಿಸುತ್ತೇನೆ, ರಜೆಯ ದಿನ ಬೇರೆಯವರ ಬಾಯಿಂದ ಮಾತನಾಡುತ್ತೇನೆ. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ನನಗೇ ಅನುಮಾನ ಬರುತ್ತದೆ. ನಮ್ಮ ಅವ್ವನಿಗೆ ಮಾತ್ರ ಅನುಮಾನವಿಲ್ಲ. "ಹೊಟ್ಟಿ ಹಸದಾಗ ಒದರ್ತಾನಲ್ಲ, ಅದ ಅವನ ದನಿ" ಎನ್ನುತ್ತಾಳೆ.

ಇಷ್ಟು ಜನರಾದ ಮೇಲೂ ನಾನು ಒಂದು ಯಂತ್ರವಾಗಬೇಕಾಗುತ್ತದೆ ಎಂದು ಎಣಿಸಿರಲಿಲ್ಲ. ಅದೂ ಅಮ್ಮಿನಬಾವಿಯಲ್ಲಿ, ನಮ್ಮ ಚಿಗವ್ವನ ಅಂಗಳದಲ್ಲಿ, ಎರಡೂ ತೋಳು ಚಾಚಿ, ತಲೆಯ ಮೇಲೆ ಮೊರ ಕಟ್ಟಿಕೊಂಡು.

ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ. ಅಮ್ಮಿನಬಾವಿಯಲ್ಲಿ ಅವರ ಹೊಲ, ಕಪ್ಪು ಎರೆಮಣ್ಣಿನದು. ಹತ್ತಿ, ಮೆಣಸಿನಕಾಯಿ, ಹಿಂಗಾರಿಗೆ ಜೋಳ, ಕಡಲೆ. ಹೊಲ ಕಾಕಾನದು, ಅಂದರೆ ಸರ್ಕಾರಿ ಪಹಣಿಯ ಉತಾರದಲ್ಲಿರುವ ಹೆಸರು ಕಾಕಾನದು. ಮೂಡಲ ದಿಕ್ಕಿನ ಬದು ಮಾತ್ರ ಚಿಗವ್ವನದು. ಇದು ಯಾವ ಉತಾರದಲ್ಲೂ ಇಲ್ಲ. ಬದುವಿನ ಮೇಲೆ ಬೆಳೆದದ್ದು ಹೆಂಗಸರದು ಎಂಬುದು ಅವಳ ಅತ್ತೆಗೂ ಹಿಂದಿನಿಂದ ನಡೆದುಬಂದ ರೂಢಿ. ಪುಂಡಿ, ರಾಜಗಿರಿ, ಗೋಳಿ ಪಲ್ಯ, ಚಳಿಗಾಲಕ್ಕೆ ಹಕ್ಕರಕಿ. ಹಕ್ಕರಕಿಯನ್ನು ಯಾರೂ ಬಿತ್ತುವುದಿಲ್ಲ, ಅದು ತಾನೇ ಬರುತ್ತದೆ. ಅದನ್ನು ಬೇಯಿಸುವುದೂ ಇಲ್ಲ. ಕಿತ್ತು, ಮಣ್ಣು ಕೊಡವಿ, ನೀರಲ್ಲಿ ಅದ್ದಿ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನಬೇಕು. ಕಳೆ ತೆಗೆಯಲು ಬಂದ ಹೆಂಗಸರೆಲ್ಲ ಮಧ್ಯಾಹ್ನ ಆ ಬದುವಿನ ಮೇಲೆ ಬುತ್ತಿ ಬಿಚ್ಚಿ, ಕೈಗೆ ಸಿಕ್ಕ ಎಲೆ ಕಿತ್ತು ತಿನ್ನುತ್ತ, ಊರಿನ ಗಂಡಸರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿಕೊಳ್ಳುತ್ತಾರೆ. ನಾನು ಮಿಮಿಕ್ರಿ ಕಲಿತದ್ದು ಅಲ್ಲಿಯೇ. ನಾನು ವೇದಿಕೆಯ ಮೇಲೆ ಒಬ್ಬ ಗಂಡಸನ್ನು ಅಣಕಿಸಲು ಹತ್ತು ನಿಮಿಷ ತೆಗೆದುಕೊಳ್ಳುತ್ತೇನೆ. ಅವರು ಸೆರಗು ಒಂದಿಷ್ಟು ಸರಿಸಿ, ಒಂದು ಹುಬ್ಬು ಏರಿಸಿ ಮುಗಿಸಿಬಿಡುತ್ತಾರೆ.

ಹೋದ ವರ್ಷದ ಹಿಂದಿನ ವರ್ಷ ಕಾಕಾ ಬಾಡಿಗೆಗೆ ಡ್ರೋನ್ ತರಿಸಿ ಮೆಣಸಿನ ಗಿಡಕ್ಕೆ ಔಷಧಿ ಹೊಡೆಸಿದ. ಬಂದವನು ಹೊಲದ ಮೂಲೆಯ ಗಡಿಕಲ್ಲುಗಳನ್ನು ಯಂತ್ರಕ್ಕೆ ತೋರಿಸಿದ. ಯಂತ್ರ ಕಲ್ಲಿನಿಂದ ಕಲ್ಲಿಗೆ ಅಚ್ಚುಕಟ್ಟಾಗಿ ಹಾರಿ, ಬೆಳೆಯ ಜೊತೆಗೆ ಬದುವನ್ನೂ ತೋಯಿಸಿ ಹೋಯಿತು. ಔಷಧಿ ಬಿದ್ದ ಎಲೆಯನ್ನು ಹಸಿಯಾಗಿ ಯಾರು ತಿಂದಾರು? ಆ ಚಳಿಗಾಲ ಬದುವಿನ ಮೇಲೆ ಯಾರೂ ಬುತ್ತಿ ಬಿಚ್ಚಲಿಲ್ಲ.

"ಬದು ಯಾಕ ಹೊಡದ್ರಿ?" ಎಂದು ಚಿಗವ್ವ ಕೇಳಿದಳು.

"ಮಷೀನಿಗೆ ಏನ್ ಗೊತ್ತಾಗತೈತಿ, ಬದು ಯಾವುದು, ಬೆಳಿ ಯಾವುದು ಅಂತ?" ಎಂದ ಕಾಕಾ.

"ಮಷೀನಿಗೆ ಗೊತ್ತಿಲ್ಲ, ಬರೋಬರಿ. ನಡಸಾಂವಗ?"

"ಅಂವಗ ಕಲ್ಲ ಗೊತ್ತೈತಿ. ಕಲ್ಲಿನ ತನಕ ಹೊಡದ."

"ನಿಮಗ?"

ಕಾಕಾ ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ಎತ್ತುಗಳನ್ನು ಮಾರಿ ಆಗಲೇ ಬಹಳ ದಿನವಾಗಿತ್ತು.

ಈ ಕಥೆ ಕೇಳಿದವರು ಚಿಗವ್ವನಿಗೆ ಯಂತ್ರವೆಂದರೆ ಆಗುವುದಿಲ್ಲ ಎಂದುಕೊಳ್ಳಬಹುದು. ಹಾಗಲ್ಲ. ಮೊದಲು ಕಾಕಾ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದ ಕಾಲದಲ್ಲಿ, ಹೊಡೆದು ಬಂದ ಸಂಜೆ ಅವನ ಕಣ್ಣು ಕೆಂಡದ ಹಾಗಿರುತ್ತಿತ್ತು, ಊಟ ಸೇರುತ್ತಿರಲಿಲ್ಲ. ಅದನ್ನು ಅವಳು ಮರೆತಿಲ್ಲ. ಡಬ್ಬಿ ಇಳಿದದ್ದಕ್ಕೆ ಅವಳಿಗೆ ಕಾಕಾನಿಗಿಂತ ಹೆಚ್ಚು ಸಂತೋಷ. ಅವಳಿಗೆ ಯಂತ್ರವೂ ಬೇಕು, ಬದುವೂ ಬೇಕು. ಹೆಂಗಸರ ಸಂಘಕ್ಕೆ ಒಂದು ಡ್ರೋನ್ ಮಂಜೂರಾಗಿ, ಹಾರಿಸಲು ಒಬ್ಬರು ತರಬೇತಿಗೆ ಹೋಗಬೇಕು ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅದಕ್ಕೆ ಬೇಕಾದ ಎಸ್ಸೆಸ್ಸೆಲ್ಸಿ ಪಾಸಾದವರು ಸಂಘದಲ್ಲಿ ನಾಲ್ಕೈದು ಜನ ಇದ್ದರು. ಕೈ ಎತ್ತಿದವಳು ಚಿಗವ್ವ ಒಬ್ಬಳೇ.

"ಕಲತು ಬಾ" ಎಂದ ಕಾಕಾ, ಮನಸ್ಸು ದೊಡ್ಡದು ಮಾಡಿಕೊಂಡು. "ಆಮ್ಯಾಲೆ ನಾ ಹಾರಸ್ತೇನಿ."

ತರಬೇತಿ ಧಾರವಾಡದಲ್ಲಿ. ಮೊದಲನೆಯ ದಿನ ಅವಳನ್ನು ಬೈಕಿನ ಮೇಲೆ ಕರೆದುಕೊಂಡು ಹೋದವನು ನಾನು. ಜೊತೆಗೆ ಒಬ್ಬರು ಕೂಡಬಹುದು ಎಂದರು, ಕುಳಿತೆ. ಕಲಿಸುವ ಸರ್ ನನ್ನದೇ ವಯಸ್ಸಿನವರು, ಹುಬ್ಬಳ್ಳಿಯವರು, ಒಳ್ಳೆಯ ಮನುಷ್ಯ. ಅವರಿಗೆ ಇದ್ದ ಒಂದೇ ದೋಷವೆಂದರೆ ಕುತ್ತಿಗೆಯದು. ಅದು ನನ್ನ ಕಡೆಗೇ ತಿರುಗುತ್ತಿತ್ತು. ರೆಕ್ಕೆ ಬಿಗಿಯುವುದು ಹೇಗೆ, ನನಗೆ ಹೇಳಿದರು. ಬ್ಯಾಟರಿ ಹಾಕುವುದು ಹೇಗೆ, ನನಗೆ ಹೇಳಿದರು. ಚಿಗವ್ವ ಪ್ರಶ್ನೆ ಕೇಳಿದರೂ ಉತ್ತರ ನನಗೆ ಬರುತ್ತಿತ್ತು. ನಾನು ನಡುನಡುವೆ ತಿಳಿದವನ ಹಾಗೆ ತಲೆ ಆಡಿಸುತ್ತಿದ್ದೆ. ಆ ತಲೆ ಆಡಿಸುವುದನ್ನು ನಾನು ನಮ್ಮ ಮ್ಯಾನೇಜರಿಂದ ಕಲಿತಿದ್ದೇನೆ, ಏನೂ ತಿಳಿಯದಾಗ ಬಹಳ ಉಪಯೋಗ. ಚಹಾದ ಹೊತ್ತಿಗೆ ಚಿಗವ್ವ ಎದ್ದು ಬಂದು ನನ್ನ ಕುರ್ಚಿಯನ್ನೇ ಎತ್ತಿ ಹೊರಗಿನ ಬೇವಿನ ಗಿಡದ ಕೆಳಗೆ ಇಟ್ಟಳು.

"ನೀ ಇಲ್ಲಿ ಕುಂದರು, ತಮ್ಮಾ. ಅವರ ಕುತ್ತಿಗಿ ನೋವಾದೀತು."

ಅಲ್ಲಿಂದ ನನಗೆ ಕಿಟಕಿಯೊಳಗಿನಿಂದ ದನಿ ಮಾತ್ರ ಕೇಳುತ್ತಿತ್ತು. ನನಗೆ ಅಷ್ಟೇ ಸಾಕು. ಸರ್ ಮುಂದಿನ ಕಾಲದ ಬಗ್ಗೆ ಮಾತನಾಡತೊಡಗಿದ್ದರು. ಆ ಮಾತಿಗೆ ಅವರ ದನಿ ಒಂದು ಮೆಟ್ಟಿಲು ಮೇಲೆ ಏರುತ್ತಿತ್ತು, ದೇವರ ಪ್ರವಚನದ ಹಾಗೆ.

"ಇನ್ನ ಹತ್ತ ವರ್ಷಕ್ಕ ನೋಡ್ರಿ ಅಕ್ಕಾರ, ಹೆಣಮಕ್ಕಳು ಹೊಲಕ್ಕ ಕಾಲ ಇಡೂದ ಬ್ಯಾಡ. ಕೆಸರಿಲ್ಲ, ಬಿಸಲಿಲ್ಲ. ಮನ್ಯಾಗ ಫ್ಯಾನಿನ ಕೆಳಗ ಕುಂತು ಫೋನಿನ್ಯಾಗ ಒಂದ ಬಟನ್ ಒತ್ತಿದ್ರ ಬಿತ್ತೂದು, ಹೊಡಿಯೂದು, ಕೊಯ್ಯೂದು ಎಲ್ಲಾ ಮುಗೀತು. ಪೂರಾ ಸ್ವಾತಂತ್ರ್ಯ."

"ಛಲೋ ಆತು ಬಿಡ್ರಿ" ಎಂದಳು ಚಿಗವ್ವ. "ಮನ್ಯಾಗ ಕುಂತ ಮ್ಯಾಲೆ ರೊಟ್ಟಿ ಬಡಿಯಾಕ ಯಾವ ಬಟನ್ನು?"

"ಅದೂ ಬರ್ತೈತ್ರಿ."

"ಅತ್ತಿ-ಮಾವಗ ಚಾ ಕೊಡಾಕ?"

"ಅದೂ... ಬರಬಹುದ್ರಿ."

"ಅಲ್ರೀ ಸರ್, ನಾ ನಗಬೇಕಂದ್ರ ಹೊಲಕ್ಕ ಹೋಗತೇನ್ರಿ. ಮನ್ಯಾಗ ಜೋರ ನಕ್ರ ಯಾಕ ನಕ್ಕಿ ಅಂತ ಕೇಳ್ತಾರ. ಬದುವಿನ ಮ್ಯಾಲೆ ನಾವು ಐದಾರ ಮಂದಿ ಕೂಡಿ ನಕ್ರ ಕೇಳಾವರು ಯಾರೂ ಇಲ್ಲ. ಕೆಸರ ಬ್ಯಾಡ, ಬೆನ್ನ ನೋವ ಬ್ಯಾಡ, ಅದು ಖರೇ. ಹೊಲ ಬ್ಯಾಡ ಅಂತ ನಾ ಯಾವಾಗ ಅಂದೆ?"

ಸರ್ ಮೇಜಿನ ಮೇಲೆ ಏನೋ ಎತ್ತಿಟ್ಟ ಸದ್ದು ಕೇಳಿತು. ಆಮೇಲೆ ಮೆಲ್ಲಗೆ, "ಬ್ಯಾಟರಿ ಹಾಕೂದ ನೋಡೂಣ ಬರ್ರಿ" ಎಂದರು. ಈ ಸಲ ಅಕ್ಕಾರಿಗೇ ಹೇಳಿದರು. ನಾನು ಹೊರಗಿದ್ದೆನಲ್ಲ.

ಆ ಸಂಜೆ ಅವಳನ್ನು ಧಾರವಾಡದ ನಮ್ಮ ಮನೆಗೆ ಚಹಾಕ್ಕೆ ಕರೆತಂದೆ. ನಮ್ಮ ಅಕ್ಕ ಮನೆಯಲ್ಲಿದ್ದಳು. ಅಕ್ಕ ಹೆಣ್ಣು ಮತ್ತು ನಿಸರ್ಗದ ಮೇಲೆ ಸಂಶೋಧನೆ ಮಾಡುತ್ತಾಳೆ. ನಾಲ್ಕು ವರ್ಷದಿಂದ ಮಾಡುತ್ತಿದ್ದಾಳೆ. ಅಷ್ಟರಲ್ಲಿ ನಿಸರ್ಗವೂ ಬಹಳ ಬದಲಾಗಿದೆ, ಮಾರ್ಗದರ್ಶಕರೂ ಇಬ್ಬರು ಬದಲಾಗಿದ್ದಾರೆ. ಅವಳ ದನಿ ತೆಗೆಯುವುದು ನನಗೆ ಸುಲಭ, ಪ್ರತಿ ವಾಕ್ಯದ ಮೊದಲು ಒಮ್ಮೆ ಕಣ್ಣು ಮುಚ್ಚಿ ತೆರೆಯಬೇಕು, ಅಷ್ಟೇ.

"ಚಿಗವ್ವಾ, ಆ ಮಷೀನ್ ಕಲಿಯೂದರಾಗ ಒಂದ ಅಪಾಯ ಐತಿ" ಎಂದು ಅಕ್ಕ ಕಣ್ಣು ಮುಚ್ಚಿ ತೆರೆದಳು. "ಮಣ್ಣಿಗೂ ನಿನಗೂ ಇರೂ ಸಂಬಂಧ ಕಡದು ಹೋಗ್ತೈತಿ. ಭೂಮಿನೂ ತಾಯಿ, ನೀನೂ ತಾಯಿ. ಗಂಡಸರು ಇಬ್ಬರನ್ನೂ ಒಂದ ನಮೂನಿ ಆಳ್ಯಾರ. ಹಂಗಾಗಿ ನಿನಗ ಭೂಮಿ ಸಂಕಟ ಗೊತ್ತಾಗತೈತಿ, ಮಷೀನಿಗೆ ಗೊತ್ತಾಗೂದಿಲ್ಲ."

ಚಿಗವ್ವ ಬಶಿಯೊಳಗೆ ಚಹಾ ಹೊಯ್ದುಕೊಂಡು ಊದಿದಳು.

"ಆಳ್ಯಾರ ಅನ್ನೂದು ಖರೇ ಐತಿ ನೋಡವಾ. ಆದ್ರ ನನ್ನ ಭೂಮಿ ಮಾಡಬ್ಯಾಡ. ಭೂಮಿ ಸುಮ್ನ ಬಿದ್ಕೊಂಡಿರತೈತಿ. ನಾ ಅದರ ಮ್ಯಾಲೆ ನಡ್ಯಾಕಿ. ಮತ್ತ ತಾಯಿ ತಾಯಿ ಅಂತ ಯಾರಿಗಂತಾರ ಹೇಳು, ಪಗಾರ ಇಲ್ಲದ ದುಡ್ಯಾವರಿಗೆ ಅಂತಾರ. ಭೂಮಿಗೂ ಅದ ಗತಿ ಆಗೇತಿ. ಅದಕ್ಕ ಬ್ಯಾರೆ ಹೆಸರ ಹುಡುಕು, ನಿನ್ನ ಪುಸ್ತಕದಾಗ."

ಅಕ್ಕ ಈ ಸಲ ಕಣ್ಣು ಮುಚ್ಚಲು ಮರೆತಳು. ನಾನು ಅವಳ ಪರವಾಗಿ ಮುಚ್ಚಿ ತೆರೆದೆ, ತೊಡೆಯ ಮೇಲೆ ಏಟು ಬಿತ್ತು.

ಅಕ್ಕ ಸೋಲು ಒಪ್ಪುವವಳಲ್ಲ. ಚಿಗವ್ವನ ತರಬೇತಿಯ ಯಂತ್ರ ಮಾತನಾಡುತ್ತದೆ, ಹೆಣ್ಣಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಡುತ್ತದೆ ಎಂದು ನಾನು ಆ ದನಿ ತೆಗೆದು ತೋರಿಸಿದ ಕೂಡಲೆ ಹಿಡಿದುಕೊಂಡಳು. "ಕೇಳಿದೇನು? ಹೇಳಿದ್ದ ಮಾಡೂ ಮಷೀನಿಗೆಲ್ಲಾ ಹೆಣ್ಣಿನ ದನಿ ಯಾಕ ಕೊಡ್ತಾರ?"

"ಅದು ಬರೋಬರಿ ಐತಲ್ಲ" ಎಂದಳು ಚಿಗವ್ವ. "ಬ್ಯಾಟರಿ ಮುಗೀತು, ಗಾಳಿ ಬಾಳ ಐತಿ, ಗಿಡ ಅಡ್ಡ ಬಂತು ಅಂತ ಹತ್ತ ಸಲ ಹೇಳತೈತಿ. ಯಾರೂ ಕಿವ್ಯಾಗ ಹಾಕ್ಕೊಳ್ಳೂದಿಲ್ಲ. ಹೆಣಮಗಳು ಅಂತ ಗುರುತ ಹಿಡದ ಕೊಟ್ಟಾರ."

ಇಬ್ಬರೂ ನಕ್ಕರು. ಮನೆಯಲ್ಲಿ ಜೋರಾಗಿಯೇ ನಕ್ಕರು. ಯಾಕೆ ಎಂದು ಯಾರೂ ಕೇಳಲಿಲ್ಲ, ಅಪ್ಪ ಪೇಟೆಗೆ ಹೋಗಿದ್ದ.

ಇನ್ನು ನನ್ನ ಪಾತ್ರಕ್ಕೆ ಬರುತ್ತೇನೆ. ಡ್ರೋನ್ ಕಲಿಯುವವರಿಗೆಲ್ಲ ಒಂದು ಕಡೆ ಕಾಲು ಎಡವುತ್ತದಂತೆ. ಯಂತ್ರದ ಬೆನ್ನು ನಮ್ಮ ಕಡೆಗಿದ್ದಾಗ ಎಡ ಎಂದರೆ ಎಡ. ಅದು ತಿರುಗಿ ನಮ್ಮ ಕಡೆ ಮುಖ ಮಾಡಿ ಬರುವಾಗ ನಮ್ಮ ಎಡ ಅದಕ್ಕೆ ಬಲ. ಆಗ ಗಾಬರಿಯಲ್ಲಿ ರಿಮೋಟಿನ ಕೋಲು ಉಲ್ಟಾ ತಿರುವಿದರೆ ಯಂತ್ರ ಹೋಗಿ ಗಿಡಕ್ಕೆ ಬಡಿಯುತ್ತದೆ. ಚಿಗವ್ವ ಕಂಪ್ಯೂಟರಿನ ಪರದೆಯ ಮೇಲೆ ಎರಡು ಸಲ ಗಿಡಕ್ಕೆ ಬಡಿದಿದ್ದಳು. ಅಭ್ಯಾಸಕ್ಕೆ ಮನೆಯಲ್ಲಿ ಡ್ರೋನ್ ಇಲ್ಲ. ಆದರೆ ರಜೆಯ ದಿನ ಊಟಕ್ಕೆ ಬರುವ ನಾನಿದ್ದೆ.

ಹಾಗಾಗಿ ತಲೆಗೆ ಮೊರ ಬಂತು. ರೊಟ್ಟಿ ಬಡಿಯುವ ಕಟ್ಟಿಗೆಯ ಪರಾತ, ಕೊಣಮಗಿ, ಅವಳ ಕೈಯಲ್ಲಿ ರಿಮೋಟ್ ಆಯಿತು, ಅದರ ಮೇಲೆ ಸುಣ್ಣದಲ್ಲಿ ಎರಡು ಗುಂಡು ಬರೆದು ಅವೇ ಕೋಲುಗಳೆಂದು ಇಟ್ಟುಕೊಂಡಳು. ಎಡಗಡೆಯ ಗುಂಡಿನ ಮೇಲೆ ಹೆಬ್ಬೆರಳು ಮೇಲಕ್ಕೆ ಸರಿದರೆ ನಾನು ತುದಿಗಾಲ ಮೇಲೆ ಏಳಬೇಕು. ಬಲಗಡೆಯದು ಮುಂದೆ ಹೋದರೆ ಮುಂದೆ. ಗುಂಯ್ ಎನ್ನುತ್ತಲೇ ಇರಬೇಕು, ನಿಲ್ಲಿಸಿದರೆ ನೆಲಕ್ಕೆ ಬಿದ್ದಂತೆ ಲೆಕ್ಕ. ನಡುವೆ ಆ ಇಂಗ್ಲಿಷ್ ಹೆಂಗಸಿನ ಎಚ್ಚರಿಕೆಗಳನ್ನೂ ನಾನೇ ಕೊಡಬೇಕು. ಒಬ್ಬನೇ ಇಂಜಿನ್ನೂ, ರೆಕ್ಕೆಯೂ, ಹೆಂಗಸೂ ಆಗಿ ಅಂಗಳದಲ್ಲಿ ಹಾರತೊಡಗಿದೆ. ಓಣಿಯ ಹೆಂಗಸರು ಕಟ್ಟೆಯ ಮೇಲೆ ಬಂದು ಕುಳಿತರು. ನನ್ನ ಜೀವನದಲ್ಲಿ ಇಷ್ಟು ತುಂಬಿದ ಸಭೆ ಸಿಕ್ಕಿರಲಿಲ್ಲ, ಇಷ್ಟು ಕಡಿಮೆ ಮಾತೂ ಸಿಕ್ಕಿರಲಿಲ್ಲ.

ಮುಖ ತಿರುಗಿಸಿ ಬರುವಾಗ ಚಿಗವ್ವ ನನ್ನನ್ನು ಎರಡು ಸಲ ಬಾವಿಯ ಹಗ್ಗಕ್ಕೂ ಒಂದು ಸಲ ಕರುವಿಗೂ ಬಡಿಸಿದಳು. ಕರು ಕೂಡ ಎಚ್ಚರಿಕೆ ಕೊಟ್ಟಿತು, ನಾನು ಕೊಟ್ಟಿದ್ದಕ್ಕಿಂತ ಚೆನ್ನಾಗಿ.

ನಾಲ್ಕನೆಯ ಸಲಕ್ಕೆ ಅವಳು ನಿಂತು ನನ್ನ ಮುಖವನ್ನೇ ನೋಡಿದಳು. "ತಡಿ. ನಿಮ್ಮ ಕಾಕಾಗ ಎದುರಿಗೆ ನಿಂತು ಮಾತಾಡೂ ಮುಂದ ನಾ ಹೆಂಗ ಮಾಡ್ತೇನಿ? ಅವರ ಕಡಿಂದ ಯೋಚನಿ ಮಾಡಿ, ನನ್ನ ಕಡಿ ಎಳೀತೇನಿ. ಅಷ್ಟ ಅಲ್ಲೇನು ಇದು? ಈಗ ಬಾ."

ಹೆಬ್ಬೆರಳು ಸರಿಯಿತು. ನಾನು ತುಳಸಿಕಟ್ಟೆಯನ್ನು ಸುತ್ತಿ, ಕರುವನ್ನು ತಪ್ಪಿಸಿ, ಅವಳ ಕಾಲಿನ ಮುಂದೆ ಬಂದು ನಿಂತೆ. "ಇಳಿ" ಎಂದಳು. ಕುಕ್ಕರಗಾಲಲ್ಲಿ ಕುಳಿತೆ. ಕಟ್ಟೆಯ ಮೇಲಿದ್ದವರು ಚಪ್ಪಾಳೆ ಹೊಡೆದರು. ಅವಳಿಗೆ ಹೊಡೆದದ್ದು, ನಾನು ತಲೆ ಬಾಗಿಸಿದೆ. ಮೊರ ಬಿತ್ತು.

ಆಮೇಲೆ ಅವಳು ಪರೀಕ್ಷೆ ಪಾಸಾದಳು. ಕಾಕಾ ಊರಿಗೆಲ್ಲ ಪೇಢೆ ಹಂಚಿದ. ಸಂಘದ ಡ್ರೋನ್ ಶೀಗಿ ಹುಣ್ಣಿಮೆಗೆ ಸರಿಯಾಗಿ ಊರಿಗೆ ಬಂತು.

ಶೀಗಿ ಹುಣ್ಣಿಮೆಗೆ ನಮ್ಮ ಕಡೆ ಬೆಳೆ ಹೊತ್ತ ಭೂಮಿಯನ್ನು ಬಸುರಿ ಎಂದು ತಿಳಿದು ಬಯಕೆಯ ಊಟ ಕೊಡುತ್ತಾರೆ. ಹೋಳಿಗೆ, ಕಡಬು, ಪುಂಡಿಪಲ್ಯ, ಎಣ್ಣಿಗಾಯಿ ಎಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಕಲ್ಲು ಇಟ್ಟು ಪೂಜೆ ಮಾಡಿ, ಆ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಚರಗ ಚೆಲ್ಲುವವರು ಗಂಡಸರು. ಮುಂದೆ ಒಬ್ಬ ಹುಲ್ಲುಲ್ಲಿಗೋ ಎಂದು ಕೂಗುತ್ತ ಎರಚಿದರೆ, ಹಿಂದೆ ಒಬ್ಬ ನೀರು ಚಿಮುಕಿಸುತ್ತ ಹೋಗುತ್ತಾನೆ. ಬಸುರಿಗೆ ಅಡಿಗೆ ಮಾಡಿದವರು ಹೆಂಗಸರು, ಬಡಿಸಿದ ಹೆಸರು ಗಂಡಸರದು. ಅಕ್ಕ ಇದನ್ನು ಬರೆದುಕೊಂಡಿದ್ದಾಳೆ ಎಂದು ಕಾಣುತ್ತದೆ, ಹೊಲದಲ್ಲಿ ಒಂದೇ ಸಮನೆ ಕಣ್ಣು ಮುಚ್ಚಿ ತೆರೆಯುತ್ತಿದ್ದಳು.

ಕಲಿಸುವ ಸರ್ ಕೂಡ ಬಂದಿದ್ದರು. ಆ ದಿನವೇ ಮೊದಲ ಹಾರಾಟ ಆಗಲಿ, ವಿಡಿಯೋ ಮಾಡಿಕೊಳ್ಳುತ್ತೇನೆ ಎಂದು ಅವರ ಆಸೆ. ಚಿಗವ್ವ ಒಂದೇ ಮಾತು ಹೇಳಿದಳು: "ಬಯಕಿ ದಿನ ಔಷಧಿ ಬ್ಯಾಡ. ಬರೇ ನೀರ ತುಂಬ್ರಿ. ಔಷಧಿ ನಾಳಿಗೆ." ಆ ನೀರನ್ನು ಬಾವಿಯಿಂದ ಕೊಡದಲ್ಲಿ ಹೊತ್ತು ತಂದು ಡ್ರೋನಿನ ಹೊಟ್ಟೆಗೆ ಹಾಕಿದವರು ಮೂವರು ಹೆಂಗಸರು. "ನೋಡ್ರಿ ಸರ್, ಆಕಾಶದಾಗ ಹಾರೂ ಮಷೀನಿಗೂ ನೀರು ನಮ್ಮ ತಲಿ ಮ್ಯಾಲೆ" ಎಂದಳು ಒಬ್ಬಳು. ಸರ್ ಅದನ್ನು ವಿಡಿಯೋದಲ್ಲಿ ಹಿಡಿಯಲಿಲ್ಲ.

ಹಾರುವ ಮೊದಲು ಯಂತ್ರಕ್ಕೆ ಹೊಲದ ಅಂಚು ತಿಳಿಸಬೇಕು. ಅದಕ್ಕೊಂದು ಅಂಗೈಯಷ್ಟು ಸಾಧನ ಇದೆ. ಅದನ್ನು ಹಿಡಿದು ಯಾರಾದರೂ ಹೊಲದ ಸುತ್ತ ಒಮ್ಮೆ ನಡೆದು ಬಂದರೆ, ನಡೆದ ದಾರಿಯೇ ಯಂತ್ರಕ್ಕೆ ಗಡಿ. ಅದರೊಳಗೆಲ್ಲ ಸಿಂಪಡಿಸುತ್ತದೆ, ಹೊರಗೆ ಒಂದು ಹನಿ ಹಾಕುವುದಿಲ್ಲ. ಚಿಗವ್ವ ಇಡೀ ತರಬೇತಿಗೆ ಹೋದದ್ದು ಆ ಒಂದು ಸುತ್ತಿಗಾಗಿ. ಆದರೆ ಆ ಹೊತ್ತಿಗೆ ಅವಳ ಎರಡೂ ಕೈ ಹೋಳಿಗೆ, ತುಪ್ಪದಲ್ಲಿದ್ದವು. ಪೂಜೆ ಆಗಿತ್ತು, ಎಲ್ಲರಿಗೂ ಬಡಿಸುತ್ತಿದ್ದಳು.

"ನೀ ಬಡಸು" ಎಂದ ಕಾಕಾ. "ಹೆಂಗೂ ನಾ ಚರಗ ಚೆಲ್ಲಾಕ ಸುತ್ತ ಹೊಂಟೇನಿ. ಅದನ್ನೂ ಅಂಗಿ ಕಿಸೇದಾಗ ಇಟಗೊಂಡ ಹೋಗ್ತೇನಿ. ಒಂದ ಸುತ್ತಿನ್ಯಾಗ ಎರಡೂ ಕೆಲಸ."

"ಕಲ್ಲಿನ ಮ್ಯಾಲೆ ಹೋಗಬ್ಯಾಡ್ರಿ. ಬದು ಬಿಟ್ಟ ಒಳಗಿಂದ ನಡೀರಿ."

"ಗೊತ್ತೈತಿ, ಗೊತ್ತೈತಿ."

ಗೊತ್ತಿತ್ತು ಕೂಡ. ಆದರೆ ಕಾಲು ಅವನ ಅಪ್ಪನದು. ಚರಗದ ಬುಟ್ಟಿ ಕೈಗೆ ಬಂದು, ಹುಲ್ಲುಲ್ಲಿಗೋ ಬಾಯಿಗೆ ಬಂದ ಕೂಡಲೆ ಕಾಕಾ ಗಡಿಕಲ್ಲಿನಿಂದ ಗಡಿಕಲ್ಲಿಗೆ, ಬದುವಿನ ಆಚೆ ಅಂಚಿನ ಮೇಲೆ, ಎಂದಿನ ದಾರಿಯಲ್ಲಿಯೇ ಹೋದ. ನಾನು ಹಿಂದೆ ನೀರು ಚಿಮುಕಿಸುತ್ತ, ಅವನ ಕೂಗನ್ನೇ ಅವನ ದನಿಯಲ್ಲಿ ಕೂಗುತ್ತ ನಡೆದೆ. ಪಕ್ಕದ ಹೊಲದವರು ಇಬ್ಬರು ಕಾಕಾಗಳು ಹೊರಟಿದ್ದಾರೆ ಎಂದುಕೊಂಡರು. ಸುತ್ತು ಮುಗಿದ ಮೇಲೆ ಸಾಧನದ ಗುಂಡಿ ಒತ್ತಿ ನಿಲ್ಲಿಸಬೇಕಿತ್ತು. ಚರಗ ಚೆಲ್ಲಿದವರು ಸುತ್ತು ಮುಗಿಸಿ ಹೋಗುವುದು ಎಲ್ಲಿಗೆ? ದೇವರಿಗೆ ಕೈ ಮುಗಿಯಲು. ಕಾಕಾ ಹಾಗೆಯೇ ಕಿಸೆಯಲ್ಲಿ ಗಡಿಯನ್ನು ಇಟ್ಟುಕೊಂಡು ಬದುವಿನಾಚೆಯ ಬನ್ನಿ ಗಿಡಕ್ಕೆ ಹೋಗಿ, ಅದನ್ನೊಂದು ಸುತ್ತು ಹಾಕಿ, ಊಟದ ಪಂಕ್ತಿಯಲ್ಲಿ ಬಂದು ಕುಳಿತ.

ಸರ್ ಪರದೆ ನೋಡಲಿಲ್ಲವೇ? ನೋಡಿದರು, ತುಪ್ಪದ ಬೆರಳಿನಿಂದ. ಅವರಿಗೆ ಆಗ ಮೂರನೆಯ ಹೋಳಿಗೆ ನಡೆದಿತ್ತು. ಒರೆಸಿದಷ್ಟೂ ಹೊಲ ಮಿಂಚುತ್ತಿತ್ತು. "ಓಕೆ ಐತ್ರಿ" ಎಂದರು. ಕಾಕಾ ಗಂಭೀರವಾಗಿ ರಿಮೋಟಿನ ಗುಂಡಿ ಒತ್ತಿದ.

ಯಂತ್ರ ಎದ್ದಿತು. ನಾನು ಗುಂಯ್ ಎಂದದ್ದಕ್ಕಿಂತ ಬಹಳ ಗಟ್ಟಿಯಾಗಿ ಗುಂಯ್ ಎಂದಿತು, ಒಪ್ಪುತ್ತೇನೆ. ಮೆಣಸಿನ ಸಾಲುಗಳ ಮೇಲೆ ತೆಳುವಾದ ಮಂಜಿನ ಹಾಗೆ ನೀರು ಬಿಡುತ್ತ ಅತ್ತ ಹೋಯಿತು, ಇತ್ತ ಬಂತು. ಎಲ್ಲರೂ ಎದ್ದು ನೋಡಿದರು. ಇತ್ತ ಬಂದದ್ದು ಹೊಲದ ಅಂಚಿನಲ್ಲಿ ತಿರುಗಲಿಲ್ಲ. ಬದುವಿನ ಮೇಲೆ ಬಂತು, ಹಕ್ಕರಕಿಯ ಮರಿ ಸಸಿಗಳನ್ನು ತೋಯಿಸಿತು, ಬನ್ನಿ ಗಿಡದ ಕಡೆ ಹೊರಳಿತು. ಬಿಟ್ಟು ಓಡಿರೆಂದು ಸರ್ ಕೂಗುವಷ್ಟರಲ್ಲಿ ಹೋಳಿಗೆ, ಮೊಸರನ್ನ, ದೇವರು, ಅಕ್ಕ, ಸರ್ ಅವರ ಕ್ಯಾಮೆರಾ ಎಲ್ಲವನ್ನೂ ಸಮನಾಗಿ ತೋಯಿಸಿ, ಅಷ್ಟೇ ಮರ್ಯಾದೆಯಿಂದ ತಿರುಗಿ ಹೋಯಿತು. ಕಾಕಾ ರಿಮೋಟು ಹಿಡಿದು ಅದಕ್ಕೆ "ಏ ಹೋಯ್, ಹೋಯ್" ಎನ್ನುತ್ತಿದ್ದ, ಎತ್ತಿಗೆ ಅಂದ ಹಾಗೆ.

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಕನ್ನಡಕ ಒರೆಸುತ್ತ ನಕ್ಕಳು. ಕೊನೆಗೆ ಕಾಕಾನೂ ನಕ್ಕ. ನಗದವಳು ಚಿಗವ್ವ ಒಬ್ಬಳು. ಬದುವಿನ ಹತ್ತಿರ ಹೋಗಿ ಬಗ್ಗಿ, ಒಂದು ಎಲೆಯ ಮೇಲೆ ನಿಂತ ಹನಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

"ಇವತ್ತ ನೀರು" ಎಂದಳು. "ನಾಳಿಗೆ?"

ನಗು ಒಂದೊಂದಾಗಿ ನಿಂತಿತು.

ಅವಳು ಬಂದು ಕೈಯ ತುಪ್ಪವನ್ನು ಸೆರಗಿಗೆ ಒರೆಸಿಕೊಂಡಳು. ಕಾಕಾನ ಕಿಸೆಗೆ ತಾನೇ ಕೈ ಹಾಕಿ ಸಾಧನ ತೆಗೆದುಕೊಂಡಳು. ಹೋಳಿಗೆಯ ಬುಟ್ಟಿಯನ್ನು ಅವನ ತೊಡೆಯ ಮೇಲೆ ಇಟ್ಟಳು.

"ನೀವು ಬಡಸ್ರಿ. ನಾ ಸುತ್ತ ಹೋಗಿ ಬರ್ತೇನಿ."

"ಅಲ್ಲ... ಹೆಣಮಕ್ಕಳು ಹೊಲ ಸುತ್ತೂದು, ಚರಗದ ದಿನ..."

"ಚರಗ ನೀವ ಚೆಲ್ಲೇರಿ, ಮುಗೀತಲ್ಲ. ನಾ ಚೆಲ್ಲಾಕತ್ತಿಲ್ಲ, ಮಷೀನಿಗೆ ದಾರಿ ತೋರಸಾಕತ್ತೇನಿ."

"ಹಂಗಂತ ಬದು ಬಿಟ್ಟ ಒಳಗ ಸರದ್ರ ಹೊಲ ಸಣ್ಣದಾಗೂದಿಲ್ಲೇನು?"

"ಹೊಲ ನಿಮ್ಮ ಕಲ್ಲಿನ ತನಕ ಐತಿ, ಯಾರೂ ಒಯ್ಯೂದಿಲ್ಲ" ಎಂದಳು ಚಿಗವ್ವ. "ಮಷೀನು ನನ್ನ ಹೆಜ್ಜಿ ತನಕ."

ಅವಳು ನಡೆದಳು. ಬದುವಿನಿಂದ ಒಳಗೆ ಎರಡು ಸಾಲು ಬಿಟ್ಟು, ಗಾಳಿಗೆ ಹಾರುವ ಹನಿಗೂ ಜಾಗ ಬಿಟ್ಟು, ಮೆಣಸಿನ ಗಿಡಗಳ ನಡುವೆ ಸೀರೆ ಎತ್ತಿ ಹಿಡಿದು ನಿಧಾನವಾಗಿ ನಡೆದಳು. ಯಾರೂ ಹುಲ್ಲುಲ್ಲಿಗೋ ಎನ್ನಲಿಲ್ಲ. ನನ್ನ ಬಾಯಿಗೆ ಬಂದಿತ್ತು, ಯಾರ ದನಿಯಲ್ಲಿ ಕೂಗಲಿ ಎಂದು ತಿಳಿಯದೆ ಸುಮ್ಮನಾದೆ. ಈ ಕಡೆ ಕಾಕಾ ಹೋಳಿಗೆ ಬಡಿಸಿದ, ಸರ್ ತುಪ್ಪ ಬಡಿಸಿದರು, ನಾನು ನೀರು ಕೊಟ್ಟೆ. ಹೆಂಗಸರು ಕುಳಿತು ಉಂಡರು. "ಇನ್ನೊಂದ ಹಾಕ್ರಿ ಕಾಕಾರ, ಕೈ ಬಿಗಿ ಹಿಡಿಬ್ಯಾಡ್ರಿ" ಎಂದು ಅವರು ಅಂದಾಗ ಕಾಕಾ ನಾಚಿಕೊಂಡು ಎರಡು ಹಾಕಿದ. ಬಡಿಸುವವನಿಗೆ ಬೆನ್ನು ಎಷ್ಟು ಬಗ್ಗುತ್ತದೆ ಎಂದು ಅವನು ಆಮೇಲೆ ಎರಡು ದಿನ ಹೇಳಿಕೊಂಡು ತಿರುಗಿದ.

ಮರುದಿನ ಬೆಳಿಗ್ಗೆ ಗಾಳಿ ಇಲ್ಲದ ಹೊತ್ತು ನೋಡಿ ಚಿಗವ್ವ ಔಷಧಿ ತುಂಬಿಸಿ ಹಾರಿಸಿದಳು. ಯಂತ್ರ ಬದುವಿನ ಕಡೆ ಮುಖ ಮಾಡಿ ಬಂದು, ಅವಳು ನಡೆದ ಗೆರೆಯ ಹತ್ತಿರ ನಿಂತು, ಯೋಚಿಸಿದ ಹಾಗೆ ಮಾಡಿ ತಿರುಗಿತು. ಪ್ರತಿ ಸಲವೂ ಅಲ್ಲಿಯೇ ತಿರುಗಿತು. ಸರ್ ವಿಡಿಯೋ ಮಾಡಿಕೊಂಡರು. ಅದರಲ್ಲಿ ಅವರು ಮುಂದಿನ ಕಾಲದ ಬಗ್ಗೆ ಏನೂ ಹೇಳಿಲ್ಲ. "ಅಕ್ಕಾರು ಹಾರಸಾಕತ್ತಾರ" ಎಂದಷ್ಟೇ ಇದೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಿಟ್ಟ ಎರಡು ಸಾಲು ಮೆಣಸಿನ ಗಿಡಕ್ಕೆ ಹುಳ ಬಿತ್ತು. ಚಿಗವ್ವ ಅದಕ್ಕೆ ಬೇವಿನ ಬೀಜದ ರಸ ಮಾಡಿ ಕೈಯಿಂದಲೇ ಹೊಡೆದಳು, ಅರ್ಧ ಉಳಿಯಿತು, ಅರ್ಧ ಹೋಯಿತು. ಕಳೆ ತೆಗೆಯಲು ಯಾವ ಯಂತ್ರವೂ ಇನ್ನೂ ಆಕಾಶದಿಂದ ಇಳಿದಿಲ್ಲ, ಬೆನ್ನುಗಳು ಇನ್ನೂ ಬಗ್ಗಿಯೇ ಇವೆ. ಸರ್ ಬಂದಾಗೊಮ್ಮೆ ಚಿಗವ್ವ ಕೇಳುತ್ತಾಳೆ, "ಹೊಡಿಯೂದು ಕಲಿಸಿದ್ರಿ, ಕಳೇವು ತಗಿಯೂದು ಯಾವಾಗ ಕಲಿಸ್ತೀರಿ ನಿಮ್ಮ ಮಷೀನಿಗೆ?" ಸರ್ ಬಹಳ ಮರ್ಯಾದೆಯಿಂದ ಅವಳ ಮುಖ ನೋಡಿಯೇ "ಅದು ಇನ್ನೂ ಬಂದಿಲ್ರಿ ಅಕ್ಕಾರ" ಎನ್ನುತ್ತಾರೆ. ಅಕ್ಕ ತನ್ನ ಬರವಣಿಗೆಯಲ್ಲಿ ತಾಯಿ ಎಂಬ ಪದವನ್ನು ಹೊಡೆದು ಹಾಕಿದ್ದಾಳೆ, ಅದರ ಜಾಗಕ್ಕೆ ಏನು ಬರೆಯಬೇಕೆಂದು ಇನ್ನೂ ಸಿಕ್ಕಿಲ್ಲ. ಇನ್ನೊಂದು ವರ್ಷವಾದರೂ ಬೇಕು.

ಚಳಿ ಬಿದ್ದ ಮೇಲೆ ಒಂದು ದಿನ ಚಿಗವ್ವ ಕಾರ್ಖಾನೆಗೆ ಫೋನ್ ಮಾಡಿದಳು. "ಬಾರೋ, ಹಕ್ಕರಕಿ ಬಂದೈತಿ." ರಜೆ ಕೇಳಿ, ನಮ್ಮ ಮ್ಯಾನೇಜರು ಬಾಯಿ ತೆರೆಯುವ ಮೊದಲೇ ಅವರ ದನಿಯಲ್ಲಿ ನಾನೇ ಹೌದೆಂದು ಹೇಳಿ, ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಹೆಂಗಸರು ಬದುವಿನ ಮೇಲೆ ಸಾಲಾಗಿ ಕುಳಿತು ಬುತ್ತಿ ಬಿಚ್ಚಿದ್ದರು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ನಡುವೆ ನೀರಲ್ಲಿ ಅದ್ದಿ ತೆಗೆದ ಹಕ್ಕರಕಿಯ ರಾಶಿ. ನಾನು ಡ್ರೋನಾಗಿ ಬದುವಿನ ತನಕ ಹಾರಿ ಬಂದು, ಅಂಚಿನಲ್ಲಿ ನಿಂತು, ಯೋಚಿಸಿದ ಹಾಗೆ ಮಾಡಿ ತಿರುಗಿದೆ. ಎಲ್ಲರೂ ನಕ್ಕರು.

ತಿರುಗಿ ನೋಡಿದರೆ ನನ್ನ ಹಿಂದೆ ಕಾಕಾ. ಕೈಯಲ್ಲಿ ಬರಿ ರೊಟ್ಟಿ ಹಿಡಿದುಕೊಂಡು ಮೆಣಸಿನ ಸಾಲಿನಲ್ಲಿ, ಯಂತ್ರ ತಿರುಗುವ ಗೆರೆಯ ಮೇಲೆ ನಿಂತಿದ್ದ. ತನ್ನದೇ ಹೊಲದಲ್ಲಿ ನೆಂಟನ ಹಾಗೆ.

"ಬರ್ಲೇನ?" ಎಂದ.

ಚಿಗವ್ವ ಅವನನ್ನು ಒಮ್ಮೆ ನೋಡಿದಳು. ಬಾಯಲ್ಲಿ ರೊಟ್ಟಿ ಇತ್ತು. ಮಡಿಲಲ್ಲಿದ್ದ ಬುತ್ತಿಯ ಡಬ್ಬಿಯ ಮೇಲೆ ಬಲಗೈಯ ಹೆಬ್ಬೆರಳನ್ನು ಇಟ್ಟು, ರಿಮೋಟಿನ ಕೋಲಿನ ಹಾಗೆ ಮೆಲ್ಲಗೆ ಮುಂದಕ್ಕೆ ಸರಿಸಿದಳು.

ಕಾಕಾ ಬಂದ. ಅವಳು ತೋರಿಸಿದ ಜಾಗದಲ್ಲಿ ಇಳಿದ.